ಕಿರೀಟ, ಮೈಬಣ್ಣ, ಹೆಣ್ತನ: ಬಲಶಾಲಿ ಹೆಂಗಸರ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕ್ಲಿಯೋಪಾತ್ರಳಿಂದ ಹಿಡಿದು ಹಾಲಿವುಡ್ ತನಕ, ಈ ವಿಷಯ ಎತ್ತಿದಾಗೆಲ್ಲ ಅವೇ ಪ್ರಶ್ನೆಗಳು ಸುತ್ತಿ ಸುತ್ತಿ ಬರುತ್ತವೆ. ಕೆಲವಕ್ಕೆ ಒಂದು ಸಾಲಿನ ಉತ್ತರ ಸಾಕು. ಕೆಲವಕ್ಕೆ ಸ್ವಲ್ಪ ಕೂತು ಮಾತಾಡಬೇಕು.

ನಿಮ್ಮ ವಾದ ಏನು? ಮೊದಲು ಅದನ್ನೇ ಹೇಳಿಬಿಡಿ.

ಗಂಡು ಆಳಿದರೆ ಬರೆಯುವವರು ಅವನ ಯುದ್ಧ, ತೆರಿಗೆ, ಕಾನೂನಿನ ಬಗ್ಗೆ ಬರೆಯುತ್ತಾರೆ. ಹೆಣ್ಣು ಆಳಿದರೆ ಮಾತು ಅವಳ ಮುಖಕ್ಕೆ, ಮೈಗೆ, ಹಾಸಿಗೆಗೆ ಹೊರಳುತ್ತದೆ. ಆ ಮೈಯ ಬಣ್ಣ ನೋಡಿ ಕಥೆಯೂ ಬದಲಾಗುತ್ತದೆ. ಬಿಳಿ ಹೆಣ್ಣಿಗೆ "ನೀನು ಮೃದು, ನಿನಗ್ಯಾಕೆ ಅಧಿಕಾರ" ಅಂದರು. ಕಪ್ಪು ಹೆಣ್ಣಿಗೆ "ನೀನು ಗಟ್ಟಿ, ನಿನಗ್ಯಾಕೆ ಮೃದುತನ" ಅಂದರು. ಏಷ್ಯಾದ ಹೆಣ್ಣು ಒಂದೋ ಬಾಡಿಹೋಗುವ ಹೂವು, ಇಲ್ಲವೇ ವಿಷದ ಹಾವು. ಹಾಗಾಗಿ ನಾನು ಯಾವ ರಾಣಿಯ ಕಥೆ ಓದಿದರೂ, ಯಾವ ಸಿನಿಮಾ ನೋಡಿದರೂ, ಮೊದಲು ಕೇಳಿಕೊಳ್ಳುವುದು ಒಂದೇ: ಈಕೆ ಮಾಡಿದ ಕೆಲಸ ಏನು? ಅದನ್ನು ಇವರು ತೋರಿಸಿದರಾ?

ಕ್ಲಿಯೋಪಾತ್ರ ಕಪ್ಪಗಿದ್ದಳಾ, ಬೆಳ್ಳಗಿದ್ದಳಾ?

ಅತಿ ಹೆಚ್ಚು ಕೇಳುವ ಪ್ರಶ್ನೆ ಇದೇ. ಗೊತ್ತಿರುವುದನ್ನು ಹೇಳುತ್ತೇನೆ. ಈಜಿಪ್ಟಿನ ರಾಣಿ ಕ್ಲಿಯೋಪಾತ್ರ, ಆ ಹೆಸರಿನ ಏಳನೆಯವಳು, ಹುಟ್ಟಿದ್ದು ಕ್ರಿ.ಪೂ. 69ರ ಸುಮಾರಿಗೆ. ಅವಳ ವಂಶದ ಮೂಲಪುರುಷ ಟಾಲೆಮಿ, ಅಲೆಕ್ಸಾಂಡರನ ಸೇನಾಪತಿ, ಮ್ಯಾಸಿಡೋನಿಯಾದವನು. ಆ ಮನೆತನದಲ್ಲಿ ಅಣ್ಣ ತಂಗಿಯರೇ ಮದುವೆ ಆಗುವ ಪದ್ಧತಿ ಇತ್ತು. ತಂದೆಯ ಕಡೆ ಗ್ರೀಕ್ ಅನ್ನುವುದರಲ್ಲಿ ಅನುಮಾನ ಇಲ್ಲ. ತಾಯಿ ಯಾರು ಅನ್ನುವುದಕ್ಕೆ ಮಾತ್ರ ಖಚಿತ ದಾಖಲೆ ಇಲ್ಲ. ಆ ಸಣ್ಣ ಜಾಗದಲ್ಲೇ ಇಷ್ಟು ದೊಡ್ಡ ಜಗಳ ಬೆಳೆದಿದೆ.

2023ರಲ್ಲಿ ನೆಟ್‌ಫ್ಲಿಕ್ಸ್ ಸರಣಿಯೊಂದರಲ್ಲಿ ಆಕೆಯ ಪಾತ್ರವನ್ನು ಅಡೆಲ್ ಜೇಮ್ಸ್ ಮಾಡಿದಾಗ ಈಜಿಪ್ಟಿನಲ್ಲಿ ಭಾರಿ ಗದ್ದಲ ಆಯಿತು. ಅಲ್ಲಿನ ಪ್ರಾಚ್ಯವಸ್ತು ಇಲಾಖೆಯೇ ಮುಂದೆ ಬಂದು, ರಾಣಿ ತಿಳಿ ಬಣ್ಣದವಳು, ಗ್ರೀಕ್ ಚಹರೆಯವಳು ಅಂತ ಹೇಳಿಕೆ ಕೊಟ್ಟಿತು. ನನಗೆ ಕಾಡುವುದು ಬೇರೆ. 1934ರಲ್ಲಿ ಕ್ಲಾಡೆಟ್ ಕೋಲ್ಬರ್ಟ್, 1963ರಲ್ಲಿ ಎಲಿಜಬೆತ್ ಟೇಲರ್ ಇದೇ ಪಾತ್ರ ಮಾಡಿದರು. ಅವರೂ ಮ್ಯಾಸಿಡೋನಿಯಾದವರಲ್ಲ. ಆದರೆ ಅವರ ಮುಖವೇ ಕ್ಲಿಯೋಪಾತ್ರಳ ಮುಖ ಅಂತ ಲೋಕ ಒಪ್ಪಿಕೊಂಡುಬಿಟ್ಟಿತು. ಬಣ್ಣದ ಲೆಕ್ಕ ಕೇಳುವುದಾದರೆ ಎಲ್ಲರ ಹತ್ತಿರವೂ ಕೇಳಬೇಕು ಅಲ್ವಾ?

ಅವಳು ಅಷ್ಟೊಂದು ಚೆಲುವೆಯಾಗಿದ್ದು ನಿಜವಾ?

ಪ್ಲುಟಾರ್ಕ್ ಅನ್ನುವ ಗ್ರೀಕ್ ಲೇಖಕ ಆಕೆ ಸತ್ತು ನೂರು ವರ್ಷ ದಾಟಿದ ಮೇಲೆ ಬರೆದ. ಅವನ ಮಾತಿನ ಸಾರ ಇಷ್ಟು: ರೂಪ ಹೋಲಿಕೆ ಇಲ್ಲದ್ದೇನೂ ಅಲ್ಲ, ಆದರೆ ಆಕೆ ಮಾತಾಡಲು ಕೂತರೆ ಎದುರಿಗಿದ್ದವರು ಏಳುತ್ತಿರಲಿಲ್ಲ. ಎಷ್ಟೋ ಭಾಷೆಗಳು ಬರುತ್ತಿದ್ದವು, ದುಭಾಷಿಗಳ ಅಗತ್ಯವೇ ಬೀಳುತ್ತಿರಲಿಲ್ಲ. ಅವಳ ವಂಶದವರು ಸುಮಾರು ಮುನ್ನೂರು ವರ್ಷ ಈಜಿಪ್ಟ್ ಆಳಿದರು. ಅವರಲ್ಲಿ ಆ ನಾಡಿನ ಜನರ ಭಾಷೆ ಕಲಿತ ಮೊದಲ ದೊರೆ ಇವಳೇ.

ಅವಳ ನಾಣ್ಯಗಳನ್ನು ಒಮ್ಮೆ ನೋಡಿ. ಕೊಕ್ಕಿನಂಥ ಮೂಗು, ಮುಂದಕ್ಕೆ ಚಾಚಿದ ಗಲ್ಲ, ಹಿಂದೆ ಗಂಟು ಕಟ್ಟಿದ ಕೂದಲು. ಅದು ಚೆಲುವಿನ ಚಿತ್ರ ಅಲ್ಲ, ಅಧಿಕಾರದ ಚಿತ್ರ. ತನ್ನನ್ನು ಜನ ಹೀಗೇ ನೋಡಬೇಕು ಅಂತ ಆಕೆಯೇ ಟಂಕಿಸಿದ ಮುಖ ಅದು. ಸಿನಿಮಾದವರಿಗೆ ಆ ಮುಖ ಬೇಕಾಗಲೇ ಇಲ್ಲ.

ಬರ್ಲಿನ್‌ನಲ್ಲಿ ಒಂದು ಪಪೈರಸ್ ಹಾಳೆ ಇದೆ, ಕ್ರಿ.ಪೂ. 33ರದ್ದು. ರೋಮಿನ ಒಬ್ಬ ದೊಡ್ಡ ಮನುಷ್ಯನಿಗೆ ತೆರಿಗೆ ವಿನಾಯಿತಿ ಕೊಟ್ಟ ಆಜ್ಞೆ. ಗುಮಾಸ್ತ ಬರೆದ ಸಾಲುಗಳ ಕೆಳಗೆ ಬೇರೆ ಕೈಬರಹದಲ್ಲಿ ಒಂದೇ ಒಂದು ಗ್ರೀಕ್ ಪದ ಇದೆ, "ಹಾಗೇ ಆಗಲಿ" ಅನ್ನುವ ಅರ್ಥದ್ದು. ಅದು ರಾಣಿಯದೇ ಕೈ ಅಂತ ಹಲವು ವಿದ್ವಾಂಸರು ನಂಬುತ್ತಾರೆ. ಕಥೆಗಳಲ್ಲಿ ಸೀಸರನ ಮುಂದೆ ಗೋಣಿಚೀಲದಿಂದಲೋ ಕಂಬಳಿಯಿಂದಲೋ ಉರುಳಿ ಬಂದ ಸುಂದರಿಗಿಂತ, ಕಡತ ಓದಿ ಸಹಿ ಹಾಕುವ ಈ ಹೆಂಗಸು ನನಗೆ ಹೆಚ್ಚು ಹತ್ತಿರದವಳು.

ಹಾಗಾದರೆ "ಮೋಹಿನಿ" ಅನ್ನೋ ಹೆಸರು ಎಲ್ಲಿಂದ ಬಂತು?

ಗೆದ್ದವರಿಂದ. ಕ್ಲಿಯೋಪಾತ್ರಳ ಸಂಗಾತಿಯಾಗಿದ್ದ ರೋಮಿನ ಸೇನಾಪತಿ ಆಂಟನಿ ಜೊತೆ ಜಗಳ ಇದ್ದದ್ದು ರೋಮಿನ ಇನ್ನೊಬ್ಬ ನಾಯಕ ಆಕ್ಟೇವಿಯನ್‌ಗೆ. ಆದರೆ ರೋಮಿನ ನಾಯಕನ ಮೇಲೆ ರೋಮೇ ಯುದ್ಧ ಸಾರಿದರೆ ಅದು ಮನೆಯೊಳಗಿನ ಜಗಳ ಆಗುತ್ತದೆ. ಅದಕ್ಕೇ ಯುದ್ಧ ಸಾರಿದ್ದು ಕ್ಲಿಯೋಪಾತ್ರಳ ಮೇಲೆ ಮಾತ್ರ. ನಮ್ಮ ವೀರ ಒಳ್ಳೆಯವನೇ, ಆ ಪೂರ್ವದೇಶದ ಹೆಂಗಸು ತಲೆ ಕೆಡಿಸಿದಳು ಅನ್ನುವ ಕಥೆ ಬೇಕಿತ್ತು. ಆಕ್ಟೇವಿಯನ್ ಗೆದ್ದ ಕ್ರಿ.ಪೂ. 31ರ ಆಕ್ಟಿಯಂ ಕದನದ ನಂತರ ಕವಿಗಳು ಅದನ್ನೇ ಹಾಡಿದರು. ಹೊರನಾಡಿನವಳು, ಹೆಣ್ಣು, ಮೋಸಗಾತಿ: ಮೂರೂ ಒಂದೇ ಪದ ಆಗಿಹೋದವು. ಆಮೇಲಿನ ಎರಡು ಸಾವಿರ ವರ್ಷ ಈ ಅಚ್ಚಿನಲ್ಲೇ ಎಷ್ಟೋ ಹೆಂಗಸರನ್ನು ಒತ್ತಿ ತೆಗೆದರು.

ಅಧಿಕಾರ ಹಿಡಿದ ಹೆಣ್ಣು ಗಂಡಿನ ವೇಷ ಯಾಕೆ ಹಾಕಬೇಕಿತ್ತು?

ರಾಜನ ವೇಷ ಅಂತ ಇದ್ದದ್ದೇ ಗಂಡಿನ ವೇಷ. ಕ್ರಿ.ಪೂ. 15ನೇ ಶತಮಾನದಲ್ಲಿ ಈಜಿಪ್ಟ್ ಆಳಿದ ಹಟ್ಶೆಪ್ಸುಟ್ ತನ್ನ ಶಿಲ್ಪಗಳಲ್ಲಿ ಕಟ್ಟುಗಡ್ಡ ಇಟ್ಟುಕೊಂಡಳು. ಮೊದಮೊದಲ ಪ್ರತಿಮೆಗಳಲ್ಲಿ ಹೆಣ್ಣಿನ ಮೈ ಕಾಣುತ್ತದೆ, ಬರಬರುತ್ತಾ ಪೂರ್ತಿ ಗಂಡಿನದು. ಆದರೆ ಪಕ್ಕದ ಶಾಸನದಲ್ಲಿ ಆಗಾಗ "ಅವಳು" ಅಂತಲೇ ಬರುತ್ತದೆ. ಆಕೆ ಹೆಣ್ಣು ಅನ್ನುವುದನ್ನು ಯಾರಿಂದಲೂ ಮುಚ್ಚಿಟ್ಟಿರಲಿಲ್ಲ. ಪುಂಟ್ ಎಂಬ ನಾಡಿಗೆ ಹಡಗು ಕಳಿಸಿ ಸುಗಂಧದ ಗಿಡಗಳನ್ನು ಬೇರುಸಮೇತ ತರಿಸಿದ್ದನ್ನು ದೇರ್ ಎಲ್ ಬಹ್ರಿ ದೇವಾಲಯದ ಗೋಡೆಯ ಮೇಲೆ ಹೆಮ್ಮೆಯಿಂದ ಕೆತ್ತಿಸಿದ್ದಾಳೆ.

ಸತ್ತು ಸುಮಾರು ಇಪ್ಪತ್ತು ವರ್ಷದ ಮೇಲೆ ಆಕೆಯ ಚಿತ್ರಗಳನ್ನು ಉಳಿಯಿಂದ ಕೆತ್ತಿ ತೆಗೆದರು. ಕೆಲವು ಗೋಡೆಗಳಲ್ಲಿ ಎಷ್ಟು ಅಚ್ಚುಕಟ್ಟಾಗಿ ಕೆತ್ತಿದ್ದಾರೆಂದರೆ, ಆಕೆಯ ಆಕಾರದ್ದೇ ಒಂದು ಖಾಲಿ ಜಾಗ ನಿಂತುಬಿಟ್ಟಿದೆ. ಅಳಿಸಲು ಹೋಗಿ ಗುರುತು ಉಳಿಸಿದ ಹಾಗೆ.

ಇಂಗ್ಲೆಂಡಿನ ಒಂದನೇ ಎಲಿಜಬೆತ್ 1588ರಲ್ಲಿ ಟಿಲ್ಬರಿಯಲ್ಲಿ ಸೈನಿಕರ ಮುಂದೆ, ಮೈ ಬಲವಿಲ್ಲದ ಹೆಣ್ಣಿನದು, ಎದೆ ಮಾತ್ರ ರಾಜನದು ಅಂದಳು ಎನ್ನುತ್ತಾರೆ. ಇದೂ ಅದೇ ಲೆಕ್ಕ. ನಮ್ಮಲ್ಲೂ ಧೈರ್ಯದ ಹುಡುಗಿಗೆ "ಗಂಡುಬೀರಿ" ಅನ್ನುತ್ತೇವೆ. ಧೈರ್ಯ ಅನ್ನುವುದನ್ನು ಗಂಡಿಗೆ ಬರೆದುಕೊಟ್ಟು, ಆಮೇಲೆ ಹೆಣ್ಣು ಅದನ್ನು ಕದ್ದಳು ಅಂತ ಬೈಯುವ ಪದ ಅದು.

ರಜಿಯಾ ಸುಲ್ತಾನ ಮತ್ತು ಯಾಕೂತ್ ಪ್ರೇಮಿಸಿದ್ದು ನಿಜವಾ?

ಸಮಕಾಲೀನ ದಾಖಲೆಯಲ್ಲಿ ಆ ಪ್ರೇಮಕಥೆ ಇಲ್ಲ. ರಜಿಯಾ 1236ರಿಂದ 1240ರ ತನಕ ದೆಹಲಿ ಆಳಿದಳು. ಆಕೆಯನ್ನು ಕಣ್ಣಾರೆ ಕಂಡ ಇತಿಹಾಸಕಾರ ಮಿನ್ಹಾಜ್, ಅರಸನಿಗೆ ಬೇಕಾದ ಗುಣಗಳೆಲ್ಲ ಇದ್ದವು, ಗಂಡಾಗಿ ಹುಟ್ಟದ ಮೇಲೆ ಅವುಗಳಿಂದ ಏನು ಉಪಯೋಗ ಎಂಬ ಧಾಟಿಯಲ್ಲಿ ಬರೆದಿದ್ದಾನೆ. ಆ ಮಾತು ಓದಿದಾಗ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಆಕೆ ಪರದೆ ಬಿಟ್ಟು, ನಿಲುವಂಗಿ ಟೋಪಿ ತೊಟ್ಟು, ಆನೆ ಮೇಲೆ ಕೂತು ಜನರ ಮುಂದೆ ಬಂದಳು. ಜಮಾಲುದ್ದೀನ್ ಯಾಕೂತ್ ಅನ್ನುವ ಹಬ್ಶಿಯನ್ನು, ಅಂದರೆ ಆಫ್ರಿಕಾ ಮೂಲದವನನ್ನು, ಅಶ್ವಶಾಲೆಯ ಮುಖ್ಯಸ್ಥನನ್ನಾಗಿ ಮಾಡಿದಳು. ಅದು ದೊಡ್ಡ ಹುದ್ದೆ. ತುರ್ಕಿ ಸರದಾರರು ಅಂಥ ಹುದ್ದೆಗಳೆಲ್ಲ ತಮ್ಮದೇ ಅಂದುಕೊಂಡಿದ್ದವರು. ತಮ್ಮ ಕೂಟವನ್ನು ಒಡೆಯಲು ರಾಣಿ ಹೊರಗಿನವನನ್ನು ತಂದಳು ಅನ್ನುವುದು ಅವರ ಸಿಟ್ಟು. ಅದು ಪಕ್ಕಾ ರಾಜಕೀಯ. ನೂರು ವರ್ಷ ಕಳೆದ ಮೇಲೆ ಬರೆದವರು ಅದನ್ನು ಹೆಣ್ಣೊಬ್ಬಳ ಕರಿಯನ ಮೋಹ ಅಂತ ಮಾಡಿದರು. ಹೆಣ್ಣಿನ ಮೇಲಿನ ಅನುಮಾನ, ಬಣ್ಣದ ಮೇಲಿನ ತಾತ್ಸಾರ, ಎರಡೂ ಒಂದೇ ಏಟಿಗೆ ಸೇರಿಕೊಂಡವು.

1983ರ ಹಿಂದಿ ಸಿನಿಮಾ ಆ ಪ್ರೇಮವನ್ನೇ ಎತ್ತಿಕೊಂಡಿತು. ಹೇಮಾ ಮಾಲಿನಿ ರಜಿಯಾ. ಯಾಕೂತ್ ಆಗಿದ್ದು ಧರ್ಮೇಂದ್ರ, ಮುಖಕ್ಕೆ ಕಪ್ಪು ಬಣ್ಣ ಬಳಿದುಕೊಂಡು. ರಜಿಯಾಳ ಹೆಸರಲ್ಲಿ ನಾಣ್ಯ ಅಚ್ಚಾಗಿತ್ತು ಅನ್ನುವುದು ಇವತ್ತು ಎಷ್ಟು ಜನಕ್ಕೆ ಗೊತ್ತು?

ಎನ್‌ಜಿಂಗಾ ರಾಣಿ ಸೇವಕಿಯ ಬೆನ್ನ ಮೇಲೆ ಕೂತಳಂತೆ. ಅದು ದರ್ಪ ಅಲ್ವಾ?

ಈಗಿನ ಅಂಗೋಲಾದ ಎನ್‌ಡೊಂಗೊ, ಮಟಂಬಾ ರಾಜ್ಯಗಳನ್ನು ಆಳಿದವಳು ಎನ್‌ಜಿಂಗಾ. 1622ರಲ್ಲಿ ಅವಳಿನ್ನೂ ರಾಣಿ ಆಗಿರಲಿಲ್ಲ, ದೊರೆಯಾಗಿದ್ದ ಸಹೋದರನ ಪರವಾಗಿ ಲುವಾಂಡಾಕ್ಕೆ ಮಾತುಕತೆಗೆ ಹೋಗಿದ್ದಳು. ಪೋರ್ಚುಗೀಸ್ ಗವರ್ನರ್ ದೊಡ್ಡ ಕುರ್ಚಿಯಲ್ಲಿ ಕೂತಿದ್ದ. ಇವಳಿಗೆ ನೆಲದ ಮೇಲೆ ಹಾಸು. ಕೆಳಗೆ ಕೂತರೆ ಸೋತವಳ ಹಾಗೆ, ನಿಂತರೆ ಆಳಿನ ಹಾಗೆ. ಅವಳು ತನ್ನ ಪರಿಚಾರಕಿಗೆ ಸನ್ನೆ ಮಾಡಿದಳು. ಆಕೆ ಕೈ ಮಂಡಿ ಊರಿ ಬಗ್ಗಿದಳು, ಎನ್‌ಜಿಂಗಾ ಆ ಬೆನ್ನ ಮೇಲೆ ಕೂತು ಗವರ್ನರನ ಕಣ್ಣಿಗೆ ಕಣ್ಣು ಕೊಟ್ಟು ಮಾತು ಶುರು ಮಾಡಿದಳು.

ಈ ದೃಶ್ಯದ ಚಿತ್ರ ನಮಗೆ ಸಿಕ್ಕಿರುವುದು ಕವಾಟ್ಸಿ ಎಂಬ ಇಟಲಿಯ ಪಾದ್ರಿಯಿಂದ. ಅವನು ಅಲ್ಲಿಗೆ ಬಂದದ್ದು ಈ ಭೇಟಿಯಾಗಿ ಮೂವತ್ತು ವರ್ಷದ ಮೇಲೆ. ಹಾಗಾಗಿ ಪ್ರತಿ ವಿವರವನ್ನೂ ಕಣ್ಣು ಮುಚ್ಚಿ ನಂಬಬೇಕಾಗಿಲ್ಲ. ಬೆನ್ನು ಬಗ್ಗಿಸಿದ ಆ ಹೆಂಗಸಿನ ಹೆಸರು ಯಾರೂ ಬರೆದಿಟ್ಟಿಲ್ಲ ಅನ್ನುವುದನ್ನೂ ಮರೆಯಬಾರದು. ದರ್ಪ ಇತ್ತು, ಹೌದು. ಎದುರಿಗಿದ್ದವನದೂ ದರ್ಪವೇ. ಒಬ್ಬರದ್ದನ್ನು ರಾಜತಂತ್ರ ಅಂತಲೂ ಇನ್ನೊಬ್ಬರದ್ದನ್ನು ಕ್ರೌರ್ಯ ಅಂತಲೂ ಕರೆಯುವುದು ನನಗೆ ಸರಿ ಕಾಣುವುದಿಲ್ಲ.

ಆಮೇಲೆ ಸುಮಾರು ಮೂವತ್ತು ವರ್ಷ ಅವಳು ಪೋರ್ಚುಗೀಸರ ಜೊತೆ ಕಾದಾಡಿದಳು, 1656ರಲ್ಲಿ ಒಪ್ಪಂದ ಮಾಡಿಕೊಂಡು ಸೆರೆಯಲ್ಲಿದ್ದ ತಂಗಿಯನ್ನು ಬಿಡಿಸಿಕೊಂಡಳು, 1663ರಲ್ಲಿ ಎಂಬತ್ತರ ಆಸುಪಾಸಿನಲ್ಲಿ ಸತ್ತಳು. ತಾನೂ ಸೆರೆಯಾಳುಗಳನ್ನು ಮಾರಿದ್ದಳು. ಅದನ್ನೂ ಬರೆಯಬೇಕು.

ನಾಯಕಿಯ ಕೆಟ್ಟದ್ದನ್ನು ಸಿನಿಮಾ ಮುಚ್ಚಿಟ್ಟರೆ ತಪ್ಪಾ?

ನನ್ನ ಪ್ರಕಾರ ತಪ್ಪು. ಡಹೋಮಿ ರಾಜ್ಯ, ಅಂದರೆ ಈಗಿನ ಬೆನಿನ್, ಅಲ್ಲಿ ಅಗೋಜಿ ಎಂಬ ಹೆಂಗಸರ ಸೈನ್ಯ ಇತ್ತು. ಯುರೋಪಿನವರು "ಅಮೆಜಾನ್" ಅಂದರು. ಫ್ರೆಂಚರ ವಿರುದ್ಧ 1890ರ ದಶಕದಲ್ಲಿ ಹೋರಾಡಿ ಸೋತರು. ಅದೇ ಹೊತ್ತಿಗೆ, 1893ರ ಶಿಕಾಗೊ ಮಹಾಮೇಳದಲ್ಲಿ "ಡಹೋಮಿ ಹಳ್ಳಿ" ಅಂತ ಮಾಡಿ ಕಪ್ಪು ಜನರನ್ನು ನೋಡಲು ಟಿಕೆಟ್ ಇಟ್ಟಿದ್ದರು.

2022ರಲ್ಲಿ ವಯೋಲಾ ಡೇವಿಸ್ ಅಭಿನಯದ ಸಿನಿಮಾ ಈ ಯೋಧೆಯರನ್ನು ದೊಡ್ಡ ಪರದೆಗೆ ತಂದಿತು. ಗಾಯ, ಬೆವರು, ಗೆಳೆತನ, ಅಳು, ಎಲ್ಲ ಇರುವ ಮನುಷ್ಯರನ್ನಾಗಿ ತೋರಿಸಿತು. ನನಗೆ ಅದು ತುಂಬ ಹಿಡಿಸಿತು. ಆದರೆ ಡಹೋಮಿಯ ಗೆಜೊ ರಾಜನ ಕಾಲದಲ್ಲಿ ಗುಲಾಮರ ವ್ಯಾಪಾರ ದಶಕಗಟ್ಟಲೆ ನಡೆಯಿತು, ಆ ಗುಲಾಮರನ್ನು ಹಿಡಿದು ತಂದ ದಾಳಿಗಳಲ್ಲಿ ಈ ಹೆಂಗಸರೂ ಇದ್ದರು. ಸಿನಿಮಾ ಅದನ್ನು ಮೆತ್ತಗೆ ಮಾಡಿತು. ಗಂಡು ವೀರರನ್ನು ತಪ್ಪುಗಳ ಸಮೇತ ವೀರರು ಅಂತ ಒಪ್ಪುತ್ತೇವೆ ಅಲ್ವಾ? ಹೆಣ್ಣಿಗೆ ಮಾತ್ರ ಯಾಕೆ ದೇವತೆಯಾಗಬೇಕಾದ ಷರತ್ತು?

"ವ್ಯಾಂಪ್" ಅನ್ನೋ ಪದ ಸಿನಿಮಾಕ್ಕೆ ಹೇಗೆ ಬಂತು?

ರಕ್ತ ಹೀರುವ ವ್ಯಾಂಪೈರ್‌ನಿಂದ. 1915ರಲ್ಲಿ ಥೀಡಾ ಬಾರಾ ಗಂಡಸರನ್ನು ಹಾಳು ಮಾಡುವ ಹೆಂಗಸಾಗಿ ಹೆಸರು ಮಾಡಿದರು. ಹುಟ್ಟಿದ್ದು ಅಮೆರಿಕದ ಸಿನ್ಸಿನಾಟಿಯಲ್ಲಿ, ನಿಜವಾದ ಹೆಸರು ಥಿಯೊಡೋಸಿಯಾ ಗುಡ್‌ಮನ್, ತಂದೆ ದರ್ಜಿ. ಸ್ಟುಡಿಯೊದವರು ಪ್ರಚಾರ ಮಾಡಿದ್ದು ಈಜಿಪ್ಟಿನ ಮರಳುಗಾಡಿನಲ್ಲಿ ಹುಟ್ಟಿದವಳು ಅಂತ. ಬಿಳಿ ಹೆಣ್ಣು ಅಪಾಯಕಾರಿ ಆಗಬೇಕಾದರೆ ಮೊದಲು ಅವಳನ್ನು ಪೂರ್ವಕ್ಕೆ ಕಳಿಸಬೇಕಿತ್ತು, ನೋಡಿ.

ಏಷ್ಯಾದ ನಟಿಯರ ಪಾಡೇನು?

ಆ್ಯನಾ ಮೇ ವಾಂಗ್ ಕಥೆ ಕೇಳಿ. 1905ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ಹುಟ್ಟಿದ ಚೀನೀ ಮೂಲದ ಅಮೆರಿಕದ ನಟಿ. 1922ರಲ್ಲಿ, ಹದಿಹರೆಯದಲ್ಲೇ, ನಾಯಕಿ ಆದರು. ಆಮೇಲೆ ಸಿಕ್ಕಿದ್ದು ಎರಡೇ ಬಗೆ: ಬಿಳಿಯನಿಗಾಗಿ ಪ್ರಾಣ ಬಿಡುವವಳು, ಇಲ್ಲವೇ ಚಾಕು ಹಿಡಿದ ಡ್ರ್ಯಾಗನ್ ಲೇಡಿ.

1934ರಿಂದ ಹೇಸ್ ಸಂಹಿತೆ, ಅಂದರೆ ತೆರೆಯ ಮೇಲೆ ಏನು ತೋರಿಸಬಾರದು ಅಂತ ಹಾಲಿವುಡ್ ತಾನೇ ಹಾಕಿಕೊಂಡ ನಿಯಮ, ಬಿಗಿಯಾಗಿ ಜಾರಿಗೆ ಬಂತು. ಬೇರೆ ಬೇರೆ ಜನಾಂಗದವರ ಪ್ರಣಯವನ್ನು ತೆರೆಯ ಮೇಲೆ ತೋರಿಸುವಂತಿರಲಿಲ್ಲ. 1937ರಲ್ಲಿ ಚೀನಾದ ರೈತ ಕುಟುಂಬದ ಕಥೆಯೊಂದು ದೊಡ್ಡ ಸಿನಿಮಾ ಆಯಿತು. ಗಂಡನ ಪಾತ್ರ ಬಿಳಿಯ ನಟ ಪಾಲ್ ಮುನಿಗೆ ಹೋಗಿತ್ತು. ಅಲ್ಲಿಗೆ ಹೆಂಡತಿಯ ಪಾತ್ರ ವಾಂಗ್ ಕೈ ತಪ್ಪಿತು. ಜರ್ಮನಿ ಮೂಲದ ಲೂಯಿಸ್ ರೈನರ್ ಚೀನೀ ಹೆಂಗಸಿನ ಮೇಕಪ್ ಹಾಕಿಕೊಂಡು ಅದನ್ನು ಮಾಡಿದರು, ಆಸ್ಕರ್ ಕೂಡ ಗೆದ್ದರು. ವಾಂಗ್ ಅವರಿಗೆ ಉಳಿದದ್ದು ಸಂಸಾರ ಒಡೆಯುವ ಉಪಪತ್ನಿಯ ಪಾತ್ರ. ಅದನ್ನು ಅವರು ಒಪ್ಪಲಿಲ್ಲ. 2022ರಲ್ಲಿ ಅಮೆರಿಕದ 25 ಸೆಂಟ್ ನಾಣ್ಯದ ಮೇಲೆ ಅವರ ಮುಖ ಬಂತು.

ಬಣ್ಣ ಮುಚ್ಚಿಟ್ಟು ಗೆದ್ದವರೂ ಇದ್ದಾರಾ?

ಮರ್ಲ್ ಒಬೆರಾನ್. 1911ರಲ್ಲಿ ಬೊಂಬಾಯಿಯಲ್ಲಿ ಹುಟ್ಟಿ ಕಲ್ಕತ್ತಾದಲ್ಲಿ ಬೆಳೆದವರು, ತಾಯಿಯ ಕಡೆ ದಕ್ಷಿಣ ಏಷ್ಯಾ ಮೂಲ. ಜೀವನ ಪೂರ್ತಿ ಹೇಳಿಕೊಂಡಿದ್ದು ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ ಹುಟ್ಟಿದೆ ಅಂತ. 1936ರಲ್ಲಿ ಶ್ರೇಷ್ಠ ನಟಿ ಆಸ್ಕರ್‌ಗೆ ಹೆಸರು ಬಂದಾಗ, ಆ ಪಟ್ಟಿಗೆ ಬಂದ ಮೊದಲ ಏಷ್ಯಾ ಮೂಲದ ನಟಿ ಇವರು ಅಂತ ಯಾರಿಗೂ ಗೊತ್ತಿರಲಿಲ್ಲ. 1979ರಲ್ಲಿ ತೀರಿಕೊಂಡರು, ನಿಜ ಎಲ್ಲರಿಗೂ ತಿಳಿದಿದ್ದು ಆಮೇಲೆ. ಯಾರಾದರೂ ಗುರುತು ಹಿಡಿದುಬಿಟ್ಟರೆ ಅನ್ನುವ ಭಯ ಇಟ್ಟುಕೊಂಡು ಅಷ್ಟು ವರ್ಷ ಕ್ಯಾಮೆರಾ ಮುಂದೆ ನಗುವುದು ಎಂಥ ಕಷ್ಟ.

ಕ್ಯಾಮೆರಾಕ್ಕೂ ಬಣ್ಣದ ಭೇದ ಇತ್ತಾ?

ಇತ್ತು. ಕೊಡಾಕ್ ಕಂಪನಿ ಫೋಟೊ ಲ್ಯಾಬ್‌ಗಳಿಗೆ "ಶರ್ಲಿ ಕಾರ್ಡ್" ಅಂತ ಕಳಿಸುತ್ತಿತ್ತು. ಅದರಲ್ಲಿ ಬಿಳಿ ಹೆಂಗಸಿನ ಚಿತ್ರ, ಆ ಚರ್ಮ ಸರಿಯಾಗಿ ಬಂದರೆ ಬಣ್ಣ ಸರಿ ಅಂತ ಲೆಕ್ಕ. ಕಪ್ಪು ಮುಖ ಅದೇ ಫಿಲ್ಮ್‌ನಲ್ಲಿ ಕಣ್ಣು, ಹಲ್ಲು ಮಾತ್ರ ಕಾಣುವ ಹಾಗೆ ಬರುತ್ತಿತ್ತು. ಫಿಲ್ಮ್ ಸುಧಾರಿಸಲು ಒಂದು ಕಾರಣ ಚಾಕೊಲೇಟ್ ಮತ್ತು ಮರದ ಪೀಠೋಪಕರಣದ ಕಂಪನಿಗಳ ದೂರು. ಕಂದು ಬಣ್ಣದ ಛಾಯೆಗಳು ಜಾಹೀರಾತಿನಲ್ಲಿ ಸರಿ ಕಾಣುತ್ತಿಲ್ಲ ಅಂತ.

"ಕಪ್ಪು ಹೆಂಗಸರು ತುಂಬ ಸ್ಟ್ರಾಂಗ್" ಅನ್ನೋದು ಹೊಗಳಿಕೆ ತಾನೇ?

ಕೇಳಲು ಹಾಗೇ ಇದೆ. ಆದರೆ ಸ್ಟ್ರಾಂಗ್ ಆದವಳಿಗೆ ನೋವಾಗಲ್ಲ, ಸುಸ್ತಾಗಲ್ಲ, ಯಾರೂ ಎತ್ತಿ ಹಿಡಿಯಬೇಕಾಗಿಲ್ಲ ಅನ್ನುವುದು ಅದರ ಹಿಂದೆಯೇ ಬರುತ್ತದೆ. ಹಾಲಿವುಡ್ಡಿನ "ಮ್ಯಾಮಿ" ಪಾತ್ರ ನೋಡಿ. ದಪ್ಪ ಮೈ, ತಲೆಗೆ ಬಟ್ಟೆ, ಯಜಮಾನರ ಮಕ್ಕಳನ್ನು ಸಾಕುವವಳು. ಅವಳಿಗೆ ಸ್ವಂತ ಮಕ್ಕಳು, ಪ್ರೀತಿ, ಆಸೆ ಏನೂ ಇರುವುದಿಲ್ಲ.

ಹ್ಯಾಟಿ ಮೆಕ್‌ಡೇನಿಯಲ್ ಅಂಥ ಪಾತ್ರಕ್ಕೇ 1940ರ ಫೆಬ್ರವರಿ 29ರಂದು ಆಸ್ಕರ್ ಗೆದ್ದರು, ಕಪ್ಪು ಜನಾಂಗದಲ್ಲಿ ಮೊದಲಿಗರು. ಅವರ ತಂದೆ ತಾಯಿ ಇಬ್ಬರೂ ಗುಲಾಮಗಿರಿಯಲ್ಲಿ ಹುಟ್ಟಿದವರು. ಸಮಾರಂಭ ನಡೆದ ಹೋಟೆಲಿಗೆ ಕರಿಯರಿಗೆ ಪ್ರವೇಶ ಇರಲಿಲ್ಲ, ನಿರ್ಮಾಪಕ ಹೇಳಿ ಒಳಗೆ ಬಿಡಿಸಿದ. ಸಹನಟರೆಲ್ಲ ಒಂದು ಕಡೆ ಕೂತಿದ್ದರೆ ಇವರಿಗೆ ಗೋಡೆಯ ಪಕ್ಕ ಬೇರೆಯದೇ ಸಣ್ಣ ಟೇಬಲ್. ಹೆಸರು ಕೂಗಿದಾಗ ಕೂದಲಲ್ಲಿ ಬಿಳಿ ಹೂವು ಮುಡಿದಿದ್ದ ಅವರು ಆ ಟೇಬಲಿನಿಂದ ಎದ್ದು, ಅಷ್ಟು ದೂರ ನಡೆದು, ಅಳುತ್ತಾ ಮಾತಾಡಿದರು. 1952ರಲ್ಲಿ ಸತ್ತಾಗ ಅವರು ಬಯಸಿದ್ದ ಹಾಲಿವುಡ್ ಸ್ಮಶಾನದಲ್ಲಿ ಜಾಗ ಕೊಡಲಿಲ್ಲ, ಅದು ಬಿಳಿಯರಿಗೆ ಮಾತ್ರ.

ಕೆಲವರು ಅವರನ್ನು ಬೈಯುತ್ತಾರೆ, ಕೆಲಸದವಳ ಪಾತ್ರ ಯಾಕೆ ಒಪ್ಪಿದರು ಅಂತ. ಆಗಲೇ ಕಪ್ಪು ಸಂಘಟನೆಗಳ ನಾಯಕರೂ ಟೀಕಿಸಿದ್ದರು. ನಾನು ಬೈಯಲಾರೆ. ಬೇರೆ ಪಾತ್ರ ಬರೆಯದವರನ್ನು ಕೇಳಬೇಕಾದ ಪ್ರಶ್ನೆಯನ್ನು ನಟಿಗೆ ಕೇಳುವುದು ನ್ಯಾಯ ಅನ್ನಿಸುವುದಿಲ್ಲ.

1970ರ ದಶಕದ ಆ್ಯಕ್ಷನ್ ನಾಯಕಿಯರು?

ಪ್ಯಾಮ್ ಗ್ರಿಯರ್ 1973ರಲ್ಲಿ ಬಂದೂಕು ಹಿಡಿದ ನರ್ಸ್ ಆಗಿ ಬಂದಾಗ ಕಪ್ಪು ಹೆಣ್ಣು ಮೊದಲ ಸಲ ಹೊಡೆಸಿಕೊಳ್ಳುವ ಬದಲು ಹೊಡೆಯುವವಳಾಗಿ ಕಂಡಳು. ಆದರೆ ಕ್ಯಾಮೆರಾ ಬಂದೂಕಿಗಿಂತ ಜಾಸ್ತಿ ಹೊತ್ತು ಮೈಯನ್ನೇ ನೋಡಿತು. ಎರಡೂ ನಿಜ.

ಈಗಲಾದರೂ ಬದಲಾಗಿದೆಯಾ?

ನಿಧಾನಕ್ಕೆ. ಮೆಕ್‌ಡೇನಿಯಲ್ ಗೆದ್ದದ್ದು ಪೋಷಕ ನಟಿಯಾಗಿ. ಕಪ್ಪು ನಟಿಯೊಬ್ಬರು ಶ್ರೇಷ್ಠ ನಟಿಯಾಗಲು 2002ರ ತನಕ, ಅಂದರೆ 62 ವರ್ಷ ಕಾಯಬೇಕಾಯಿತು. ಅದು ಹ್ಯಾಲಿ ಬೆರ್ರಿ. ಆಮೇಲೆ ಇಪ್ಪತ್ತು ವರ್ಷ ಕಳೆದರೂ ಇನ್ನೊಬ್ಬ ಕಪ್ಪು ನಟಿಗೆ ಆ ಬಹುಮಾನ ಸಿಗಲಿಲ್ಲ. 2023ರಲ್ಲಿ ಮಿಶೆಲ್ ಯೋ ಗೆದ್ದರು, ಅರವತ್ತರ ವಯಸ್ಸಿನಲ್ಲಿ, ಲಾಂಡ್ರಿ ಅಂಗಡಿ ನಡೆಸುವ ದಣಿದ ತಾಯಿಯ ಪಾತ್ರಕ್ಕೆ. ಹೂವೂ ಅಲ್ಲ, ಹಾವೂ ಅಲ್ಲ. ತೆರಿಗೆ ಕಾಗದ ಹರಡಿಕೊಂಡು ಕೂತ ಹೆಂಗಸು.

ತಮ್ಮ ಚಿತ್ರವನ್ನು ತಾವೇ ಬರೆದುಕೊಂಡವರು ಯಾರೂ ಇಲ್ಲವಾ?

ಇದ್ದಾರೆ. ಸೊಜೊರ್ನರ್ ಟ್ರುತ್. 1797ರ ಸುಮಾರಿಗೆ ನ್ಯೂಯಾರ್ಕ್ ರಾಜ್ಯದಲ್ಲಿ ಗುಲಾಮಳಾಗಿ ಹುಟ್ಟಿದಾಕೆ, ಮನೆಮಾತು ಡಚ್. 1851ರಲ್ಲಿ ಒಹಾಯೊದ ಆ್ಯಕ್ರನ್‌ನಲ್ಲಿ ಮಹಿಳೆಯರ ಸಭೆಯಲ್ಲಿ ಮಾತಾಡಿದಳು. "ನಾನು ಹೆಣ್ಣಲ್ಲವೇ?" ಅನ್ನುವ ಸಾಲು ಎಲ್ಲರಿಗೂ ಗೊತ್ತು. ಆದರೆ ಅದೇ ವರ್ಷ ಪತ್ರಿಕೆಯಲ್ಲಿ ಬಂದ ವರದಿಯಲ್ಲಿ ಆ ಸಾಲು ಇಲ್ಲ. ಅದು ಬಂದದ್ದು ಹನ್ನೆರಡು ವರ್ಷದ ನಂತರ, 1863ರಲ್ಲಿ, ಫ್ರಾನ್ಸಿಸ್ ಗೇಜ್ ಎಂಬ ಬಿಳಿ ಮಹಿಳೆ ಬರೆದ ರೂಪದಲ್ಲಿ. ಅದರಲ್ಲಿ ಟ್ರುತ್ ಬಾಯಿಗೆ ದಕ್ಷಿಣದ ಗುಲಾಮರ ಆಡುಮಾತು ಹಾಕಿದ್ದಾರೆ. ಆಕೆ ಹುಟ್ಟಿ ಬೆಳೆದದ್ದು ಉತ್ತರದಲ್ಲಿ. ಒಳ್ಳೆಯ ಮನಸ್ಸಿನವರು ಕೂಡ ಕಪ್ಪು ಹೆಣ್ಣನ್ನು ತಮಗೆ ಗೊತ್ತಿದ್ದ ಅಚ್ಚಿಗೇ ಸುರಿದರು.

ಮರುವರ್ಷವೇ, 1864ರಲ್ಲಿ, ಟ್ರುತ್ ತನ್ನ ಫೋಟೊಗಳಿಗೆ ತನ್ನ ಹೆಸರಲ್ಲೇ ಹಕ್ಕು ಪಡೆದಳು. ಓದು ಬರಹ ಬಾರದವಳು. ಆ ಫೋಟೊದಲ್ಲಿ ಬಿಳಿ ಟೋಪಿ, ಹೆಗಲಿಗೆ ಶಾಲು, ಕನ್ನಡಕ, ಕೈಯಲ್ಲಿ ಹೆಣಿಗೆಯ ನೂಲು, ಪಕ್ಕದ ಮೇಜಿನ ಮೇಲೆ ಹೂವು. ಗದ್ದೆಯಲ್ಲಿ ಉತ್ತವಳು ಅಂತ ಲೋಕ ಹೇಳುತ್ತಿತ್ತು, ಆಕೆ ಕ್ಯಾಮೆರಾ ಮುಂದೆ ಕೂತಿದ್ದು ಹೀಗೆ. ಊರೂರಿಗೆ ಹೋಗಿ ಭಾಷಣ ಮಾಡಿ ಅವನ್ನೇ ಮಾರಿ ಹೊಟ್ಟೆ ಹೊರೆದಳು. ಕೆಳಗೆ ಅಚ್ಚು ಹಾಕಿಸಿದ ಸಾಲಿನ ಅರ್ಥ: ಒಳಗಿನ ತಿರುಳು ಉಳಿಯಲಿ ಅಂತ ಈ ನೆರಳನ್ನು ಮಾರುತ್ತಿದ್ದೇನೆ.